ಸಾಸಿವೆ ಡಬ್ಬಿಯ ಉಕ್ಕಿನ ಗುಂಡು

"ಮುಟ್ಟಬೇಡಿ!"

ಉಮಾವತಿಯ ಕೂಗಿಗೆ ರಿಪೇರಿಗೆ ಬಂದವನ ಕೈ ಗಾಳಿಯಲ್ಲೇ ನಿಂತಿತು.

ಊಟದ ಮೇಜಿನ ತುಂಬ ಹಲ್ಲಿನ ಚಕ್ರಗಳು, ಶಾಫ್ಟುಗಳು, ಹಿತ್ತಾಳೆಯ ಬಳೆಗಳು. ಎಲ್ಲದರ ಮೇಲೂ ಒಂದು ಹಳೆಯ ಪಂಚೆ ಹೊದಿಸಿತ್ತು. ಅವನು ಪಂಚೆಯ ತುದಿ ಎತ್ತಿ ಒಂದು ಗೇರಿಗೆ ಕೈ ಹಾಕಿದ್ದಷ್ಟೇ.

"ಮುಟ್ಟದೆ ಜೋಡಿಸುವ ವಿದ್ಯೆ ನನಗೆ ಬರುವುದಿಲ್ಲ ಮೇಡಂ," ಎಂದ ಅವನು ಮೆತ್ತಗೆ. "ಬೇಡವಾದ್ರೆ ಹೋಗ್ತೇನೆ. ಬಸ್ಸು ಉಂಟು."

ಉಮಾವತಿಗೆ ನಾಚಿಕೆಯಾಯಿತು. ಆದರೂ... ಆ ಚಕ್ರಗಳನ್ನು ಕೊನೆಗೆ ಮುಟ್ಟಿದ್ದು ತಂದೆಯವರ ಕೈ!

ಅದು ಎಂಬತ್ತನಾಲ್ಕನೇ ಇಸವಿ. ಫಳ್ನೀರಿನ ಆ ಮನೆಯ ಶೆಡ್ಡಿನಲ್ಲಿ ಎರಡೇ ಸೀಟಿನ, ಮೇಲ್ಛಾವಣಿಯಿಲ್ಲದ ಹಸಿರು ಸ್ಪೋರ್ಟ್ಸ್ ಕಾರೊಂದಿತ್ತು. ಎಂದೋ ಊರು ಬಿಟ್ಟ ಇಂಗ್ಲಿಷಿನವನಿಂದ ತಂದೆ ಕೊಂಡದ್ದು. ಮೂರನೇ ಗೇರು ಹಾಕಿದರೆ ನಿಲ್ಲುತ್ತಿರಲಿಲ್ಲ, ಹಾರಿ ಹೊರಗೆ ಬರುತ್ತಿತ್ತು. "ಮನೆಯಲ್ಲೇ ಸರಿ ಮಾಡ್ತೇನೆ," ಎಂದು ತಂದೆ ಗೇರ್‌ಬಾಕ್ಸ್ ಇಳಿಸಿ ಊಟದ ಮೇಜಿನ ಮೇಲೆ ಬಿಚ್ಚಿದರು. ಬಿಚ್ಚಿದ್ದನ್ನು ಜೋಡಿಸುವ ಮೊದಲೇ ಎದೆನೋವೆಂದು ಮಲಗಿದವರು ಏಳಲಿಲ್ಲ.

ಅಂದಿನಿಂದ ಉಮಾವತಿ ಅಡುಗೆಮನೆಯಲ್ಲಿ ನಿಂತೇ ಉಣ್ಣುತ್ತಿದ್ದಳು.

ಬ್ಯಾಂಕಿನ ಕೆಲಸ, ಸಂಬಳ, ಸ್ವಂತ ಮನೆ... ಎಲ್ಲ ಇತ್ತು. ತಾಯಿಯ ಕಾಯಿಲೆಯ ವರ್ಷಗಳಲ್ಲಿ ಮದುವೆಯ ಮಾತು ಬಂದು ಬಂದು ನಿಂತುಹೋಗಿತ್ತು. ಈಗ ತಾಯಿಯೂ ಇಲ್ಲ. ಒಬ್ಬರೇ ಇರುವವರಿಗೆ ವಾರದ ದಿನಗಳು ಕಷ್ಟವಲ್ಲ. ಕಷ್ಟ ಕೊಡುವುದು ಆದಿತ್ಯವಾರ.

ಬೊಂಬಾಯಿಯಲ್ಲಿ ಹೋಟೆಲಿಟ್ಟಿದ್ದ ಅಣ್ಣ ಮೋಹನದಾಸ ಬರೆದಿದ್ದ, 'ಗೇರ್‌ಬಾಕ್ಸ್ ಜೋಡಿಸಿಡು, ಕಾರಿಗೆ ಗಿರಾಕಿ ಉಂಟು.' ಹಾಗೆ ಬಂದವನು ಈ ಚಿತ್ತರಂಜನ. ಬಂದರಿನಲ್ಲಿ ಕ್ರೇನುಗಳ ರಿಪೇರಿ ಅವನ ಕೆಲಸ. ಅದಕ್ಕೆ ಮೊದಲು ಬಹರೈನಿನ ಗ್ಯಾರೇಜಿನಲ್ಲಿ ದುಡಿದು ತಂಗಿಯರನ್ನು ದಡ ಸೇರಿಸಿದ್ದ. ಮನೆ ಕಾಟಿಪಳ್ಳ. ಅವರ ಗದ್ದೆ ಬಂದರು ಕಟ್ಟಲು ಹೋದ ಮೇಲೆ ಸರ್ಕಾರ ಕೊಟ್ಟ ಜಾಗ. ಬಿಡುವು ಆದಿತ್ಯವಾರ ಮಾತ್ರ.

"ಕುಳಿತುಕೊಳ್ಳಿ," ಎಂದಳು ಉಮಾವತಿ. "ಆದರೆ ಎಲ್ಲ ಇಲ್ಲೇ ಆಗಬೇಕು. ಹೊರಗೆ ತೆಗೊಂಡು ಹೋಗುವುದು ಬೇಡ."

*

ಒಂಟಿ ಹೆಂಗಸಿನ ಮನೆಗೆ ಗಂಡಸು ಬಂದು ಹೋದರೆ ಬೀದಿಗೆ ಬಾಯಿ ಬರುತ್ತದೆ. ಅದಕ್ಕೆ ಪಕ್ಕದ ಮನೆಯ ಆಗ್ನೆಸ್ ಬಾಯಿ ಪ್ರತಿ ಆದಿತ್ಯವಾರ ಪೂಜೆ ಮುಗಿಸಿ ಇಗರ್ಜಿಯಿಂದ ನೇರ ಇಲ್ಲಿಗೇ ಬಂದು, ಕ್ರೋಷಾ ಹೆಣೆಯುತ್ತ ಕೂರತೊಡಗಿದರು.

"ನಾನು ಕಾವಲಿಗೆ ಬಂದದ್ದಲ್ಲ ಮಾರಾಯ," ಎನ್ನುತ್ತಿದ್ದರು. "ಉಮಾಳ ಮೀನಿನ ಪುಳಿಮುಂಚಿಗೆ ಬಂದದ್ದು."

ಚಿತ್ತರಂಜನ ಒಂದೊಂದೇ ಚಕ್ರವನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬೆಳಕಿಗೆ ಹಿಡಿದು ಹಲ್ಲು ನೋಡುತ್ತಿದ್ದ. ಉಮಾವತಿ ಒರೆಸಿಡುತ್ತಿದ್ದಳು. ಬ್ಯಾಂಕಿನ ಹಳೆಯ ಕ್ಯಾಲೆಂಡರಿನ ರಟ್ಟಿನಲ್ಲಿ ಎಣ್ಣೆ ಸೋರದಂತೆ ನಡುವೆ ಇಡುವ ಗ್ಯಾಸ್ಕೆಟ್ ಅವಳೇ ಕತ್ತರಿಸಿದಳು. ಸೂಜಿಯಂಥ ಸಣ್ಣ ರೋಲರುಗಳನ್ನು ಗ್ರೀಸು ಹಚ್ಚಿ ತೂತಿನೊಳಗೆ ಸಾಲಾಗಿ ಅಂಟಿಸಬೇಕಿತ್ತು. ಅವನ ದಪ್ಪ ಬೆರಳಿಗೆ ಅವು ಜಾರಿ ಜಾರಿ ಬಿದ್ದವು.

"ಕೊಡಿ ಇಲ್ಲಿ," ಎಂದು ಅವಳು ತೆಗೆದುಕೊಂಡಳು. ಮಲ್ಲಿಗೆ ಕಟ್ಟುವ ಬೆರಳುಗಳು. ಒಂದೂ ಬೀಳಲಿಲ್ಲ.

"ಓಹೋ! ಬಹರೈನಿನಲ್ಲಿ ನೀವು ಇರಬೇಕಿತ್ತು," ಎಂದ ಅವನು.

ಅವಳು ನಕ್ಕಳು. ಮನೆಗೇ ಕೇಳುವಷ್ಟು ಜೋರಾಗಿ! ನಕ್ಕ ಮೇಲೆ ಅವಳಿಗೇ ಹೆದರಿಕೆಯಾಯಿತು. ಎಷ್ಟು ಕಾಲವಾಯಿತು ಈ ಗೋಡೆಗಳು ನನ್ನ ನಗು ಕೇಳದೆ...

ದಸರೆ ಕಳೆಯುವಷ್ಟರಲ್ಲಿ ಮೇಜಿನ ಮೇಲಿನ ರಾಶಿ ಕರಗುತ್ತ ಬಂತು. ಒಂದು ಸಂಜೆ ಹೊರಡುವಾಗ ಚಿತ್ತರಂಜನ ಕಡಲೆಯಷ್ಟು ದೊಡ್ಡ ಉಕ್ಕಿನ ಗುಂಡೊಂದನ್ನು ತಟ್ಟೆಯಲ್ಲಿಟ್ಟ.

"ಇದೊಂದು ಬಾಕಿ. ಇದರ ಹಿಂದೆ ಹೊಸ ಸ್ಪ್ರಿಂಗ್ ಹಾಕಿದ್ರೆ ಗೇರು ಹಾಕಿದಲ್ಲೇ ನಿಲ್ತದೆ. ಬರುವ ವಾರ ಮುಚ್ಚಿಬಿಡುವ."

ಮುಚ್ಚಿಬಿಡುವ!

ಗೇಟಿನ ಸದ್ದಾಗಿ, ಅವನ ಹೆಜ್ಜೆ ದೂರವಾಯಿತು. ಉಮಾವತಿ ಆ ಗುಂಡನ್ನೇ ನೋಡುತ್ತ ನಿಂತಳು. ಬರುವ ವಾರ ಮೇಜು ಖಾಲಿ. ಆಮೇಲೆ ಶೆಡ್ಡು ಖಾಲಿ. ಆಮೇಲೆ...

ಅವಳ ಕೈ ತಾನಾಗಿಯೇ ಗುಂಡನ್ನೆತ್ತಿತು. ಸಾಸಿವೆ ಡಬ್ಬಿಯ ತಳಕ್ಕೆ ಹಾಕಿ ಮುಚ್ಚಳ ಒತ್ತಿದಳು.

*

"ಇಲ್ಲೇ ಇಟ್ಟಿದ್ದೆ..." ಮುಂದಿನ ಆದಿತ್ಯವಾರ ಚಿತ್ತರಂಜನ ಮೇಜಿನಡಿಗೆ ಬಗ್ಗಿದ.

"ಬೆಕ್ಕು ಉರುಳಿಸಿರಬೇಕು," ಎಂದಳು ಉಮಾವತಿ, ಅವನ ಮುಖ ನೋಡದೆ.

ಅದರ ಮುಂದಿನ ವಾರ ಕಪಾಟು ಜರುಗಿಸಿದ. ಮತ್ತಿನ ವಾರ ಅಂಗಳ ಗುಡಿಸಿದ. ನಡುನಡುವೆ ಚಾ, ನೀರ್‌ದೋಸೆ, ಊರ ಸುದ್ದಿ. ಸಿಗದ ಗುಂಡಿಗೆ ಅವನು ಬೇಸರಪಟ್ಟಂತೆಯೇ ಕಾಣಲಿಲ್ಲ. ಅದನ್ನು ಅವಳು ಅವನ ತಾಳ್ಮೆ ಎಂದುಕೊಂಡಳು.

ಅಷ್ಟರಲ್ಲಿ ಮೋಹನದಾಸ ಬೊಂಬಾಯಿಯಿಂದ ಬಂದಿಳಿದ. ಮೇಜು ನೋಡಿ ಹುಬ್ಬು ಗಂಟಿಕ್ಕಿದ.

"ಇನ್ನೂ ಆಗಲಿಲ್ಲವಾ? ಎಂತ ಕಥೆ?"

"ಒಂದು ಗುಂಡು ಕಾಣೆಯಾಗಿದೆ ಅಣ್ಣ," ಎಂದ ಚಿತ್ತರಂಜನ.

"ಮನೆಯೊಳಗಿನ ವಸ್ತು ಮನೆಯವರಿಂದ ಕಾಣೆಯಾಗುವುದಿಲ್ಲ," ಎಂದ ಮೋಹನದಾಸ. "ಬಂದು ಹೋಗುವವರ ಕಿಸೆ ನೋಡಬೇಕು. ವಿಲಾಯತಿ ಕಾರಿನ ಪಾರ್ಟುಗಳಿಗೆ ಹೊರಗೆ ಬೆಲೆ ಉಂಟಲ್ಲ!"

ಚಿತ್ತರಂಜನ ಅವನತ್ತ ತಿರುಗಲಿಲ್ಲ. ಉಮಾವತಿಯ ಮುಖ ನೋಡಿದ. ಅವನಿಗೆ ಬೇಕಾದದ್ದು ಅವಳ ಒಂದೇ ಮಾತು.

ಹೇಳು ಉಮಾ, ಹೇಳು! ಒಳಗೆ ಏನೋ ಕೂಗಿತು. ಆದರೆ 'ಅವರಲ್ಲ' ಎಂದರೆ 'ಮತ್ತೆ ಯಾರು?' ಎಂದು ಅಣ್ಣ ಕೇಳುತ್ತಾನೆ. ಏಕೆ ಬಚ್ಚಿಟ್ಟೆ ಎಂದು ಕೇಳುತ್ತಾನೆ. ಮೂವತ್ತನಾಲ್ಕು ವರ್ಷದ ಹೆಂಗಸು ಅದಕ್ಕೆ ಏನು ಹೇಳಬೇಕು?

ಅವಳು ನೆಲ ನೋಡಿದಳು.

ಚಿತ್ತರಂಜನ ಕೈ ಒರೆಸಿಕೊಂಡ. ತನ್ನ ಸ್ಪ್ಯಾನರುಗಳನ್ನು ಬಟ್ಟೆಯಲ್ಲಿ ಸುತ್ತಿದ. "ಬರ್ತೇನೆ ಆಗ್ನೆಸ್ ಬಾಯಿ," ಎಂದ. ಉಮಾವತಿಗೆ ಹೇಳಲಿಲ್ಲ.

ಮುಂದಿನ ಆದಿತ್ಯವಾರ ಗೇಟು ಸದ್ದು ಮಾಡಲಿಲ್ಲ. ಅವಳು ಎರಡು ಲೋಟ ಚಾ ಮಾಡಿದ್ದಳು. ಒಂದು ತಣ್ಣಗಾಗಿ ಕೆನೆ ಕಟ್ಟಿತು.

ಸಾಸಿವೆ ಡಬ್ಬಿಯನ್ನು ತಟ್ಟೆಗೆ ಸುರಿದಳು. ಗುಂಡನ್ನು ಕರವಸ್ತ್ರದಲ್ಲಿ ಗಂಟು ಹಾಕಿ ಕಾಟಿಪಳ್ಳದ ಬಸ್ಸು ಹತ್ತಿದಳು.

*

ಬಸ್ಸಿಳಿದಲ್ಲೇ ಒಂದು ಸೈಕಲ್ ಅಂಗಡಿ. ದಾರಿ ಕೇಳುತ್ತ ಬೆವರು ಒರೆಸಲು ಕರವಸ್ತ್ರ ಬಿಡಿಸಿದಾಗ ಗುಂಡು ಹಲಗೆಯ ಮೇಲೆ ಟಣ್ಣೆಂದಿತು. ಅಂಗಡಿಯ ಅಯ್ಯೂಬ್ ಅದನ್ನೆತ್ತಿ ನೋಡಿದ.

"ಇಂಥದ್ದು ಬೇಕಾ ಅಕ್ಕ? ಹಿಂದಿನ ಚಕ್ರದ ಗುಂಡು. ಒಂದು ಡಬ್ಬಿ ತುಂಬ ಉಂಟು."

"ಇದು... ಸೈಕಲ್ ಅಂಗಡಿಯಲ್ಲಿ ಸಿಗ್ತದಾ?"

"ಮತ್ತೆ? ನೀವು ಕೇಳಿದ ಚಿತ್ತರಂಜನಣ್ಣನೇ ದಸರೆ ಕಳೆದ ವಾರ ಇದೇ ಅಳತೆಯದ್ದು ಒಂದು ತೆಗೊಂಡು ಹೋದ್ರು. ಯಾವುದೋ ಕಾರಿಗಂತೆ."

ಉಮಾವತಿ ಮನಸ್ಸಿನಲ್ಲೇ ವಾರಗಳನ್ನು ಎಣಿಸಿದಳು.

ದಸರೆ ಕಳೆದ ವಾರ! ಹಾಗಾದರೆ ಕಪಾಟು ಜರುಗಿಸುವಾಗ, ಅಂಗಳ ಗುಡಿಸುವಾಗ... ಹೊಸ ಗುಂಡು ಅವನ ಕಿಸೆಯಲ್ಲೇ ಇತ್ತು!

ಚಿತ್ತರಂಜನ ಮನೆಯ ಹಿಂದೆ ಬಾವಿಯ ರಾಟೆಗೆ ಎಣ್ಣೆ ಬಿಡುತ್ತಿದ್ದ. ಅವಳನ್ನು ಕಂಡು ಕಟ್ಟೆಯಿಂದ ಇಳಿದ.

ಅವಳು ಅಂಗೈ ಚಾಚಿದಳು. "ನಾನೇ ಬಚ್ಚಿಟ್ಟದ್ದು. ಸಾಸಿವೆ ಡಬ್ಬಿಯಲ್ಲಿ."

"ಗೊತ್ತಿತ್ತು," ಎಂದ ಅವನು. "ನಿಮ್ಮ ಮನೆಯಲ್ಲಿ ಬೆಕ್ಕೇ ಇಲ್ಲವಲ್ಲ ಮೇಡಂ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ಮತ್ತೆ ನಿಮ್ಮ ಕಿಸೆಯಲ್ಲಿದ್ದದ್ದನ್ನು ಯಾಕೆ ತೆಗೆಯಲಿಲ್ಲ?"

"ತೆಗೆದ್ರೆ ಕೆಲಸ ಮುಗೀತದೆ." ಅವನ ದನಿ ತಗ್ಗಿತು. "ನನಗೂ ಆದಿತ್ಯವಾರ ಬೇಕಿತ್ತು. ಆದ್ರೆ ಆ ದಿನ ನೀವು ಸುಮ್ಮನೆ ನಿಂತಿರಿ. ಬಚ್ಚಿಟ್ಟದ್ದು ನನಗೆ ನೋವಲ್ಲ. ಸುಮ್ಮನಿದ್ದದ್ದು ನೋವು."

"ಕ್ಷಮಿಸಿ..."

"ನನ್ನ ಹತ್ರ ಕೇಳುವುದು ಸುಲಭ. ಕಳ್ಳ ಅಂದದ್ದು ನಿಮ್ಮ ಅಣ್ಣ. ಅವರ ಮುಂದೆ ಹೇಳಿ."

ಅವಳು ತಲೆಯಾಡಿಸಿದಳು. ಬಂದ ಬಸ್ಸಿನಲ್ಲೇ ಹಿಂದಿರುಗಿದಳು.

*

ಮೋಹನದಾಸ ಜಗಲಿಯಲ್ಲಿ ಪೇಪರು ಓದುತ್ತಿದ್ದ. ಪಕ್ಕದಲ್ಲಿ ಆಗ್ನೆಸ್ ಬಾಯಿ. ಉಮಾವತಿ ಪೇಪರಿನ ಮೇಲೆಯೇ ಗುಂಡು ಇಟ್ಟಳು.

"ಇದು ಬಚ್ಚಿಟ್ಟವಳು ನಾನು ಅಣ್ಣ. ಗೇರ್‌ಬಾಕ್ಸ್ ಕೆಲಸ ಮುಗಿದರೆ ಅವರು ಬರುವುದಿಲ್ಲ, ಅದಕ್ಕೆ. ನೀವು ಅವರಿಗೆ ಹೇಳಿದ್ದು ತಪ್ಪು. ನಾನು ಸುಮ್ಮನಿದ್ದದ್ದು ಅದಕ್ಕಿಂತ ದೊಡ್ಡ ತಪ್ಪು. ಕಾರನ್ನು ನಾನು ಕೊಡುವುದಿಲ್ಲ. ಅವರನ್ನು... ಬಿಡುವುದಿಲ್ಲ."

ಮೋಹನದಾಸ ಗುಂಡನ್ನೆತ್ತಿಕೊಂಡ. "ಜನ ಎಂತ ಹೇಳಿಯಾರು ಉಮಾ? ಅವರೆಲ್ಲಿ, ನಾವೆಲ್ಲಿ?"

"ಜನ ನನ್ನ ಒಟ್ಟಿಗೆ ಊಟಕ್ಕೆ ಕೂರಲಿಲ್ಲ ಅಣ್ಣ, ಇಷ್ಟು ಕಾಲ."

"ಸಾಸಿವೆ ಸಾಲ ಕೇಳಲಿಕ್ಕೆ ಬಂದಾಗ ಆ ಗುಂಡು ನನ್ನ ಚಮಚಕ್ಕೇ ಸಿಕ್ಕಿತ್ತು," ಎಂದರು ಆಗ್ನೆಸ್ ಬಾಯಿ, ಹೆಣಿಗೆಯಿಂದ ತಲೆಯೆತ್ತದೆ. "ಪುನಃ ಅಲ್ಲೇ ಹಾಕಿ ಬಂದೆ."

ಮೋಹನದಾಸ ಗುಂಡನ್ನು ತಂಗಿಯ ಕೈಗೆ ಹಿಂದಿರುಗಿಸಿದ. ಆಮೇಲೆ ಚಪ್ಪಲಿ ಮೆಟ್ಟಿದ. "ಕಾಟಿಪಳ್ಳದಲ್ಲಿ ಅವನ ಮನೆ ಎಲ್ಲಿ? ತಪ್ಪು ಮಾತಾಡಿದವನು ನಾನಲ್ಲವಾ."

*

ಮುಂದಿನ ಆದಿತ್ಯವಾರ ಗೇಟು ಸದ್ದು ಮಾಡಿತು.

ಚಿತ್ತರಂಜನ ಮೇಜಿನ ಮುಂದೆ ನಿಂತು ಎರಡೂ ಗುಂಡುಗಳನ್ನು ಅಂಗೈಯಲ್ಲಿಟ್ಟ. "ಯಾವುದು ಹಾಕಲಿ? ನಿಮ್ಮದಾ, ನನ್ನದಾ?"

"ಹಳೆಯದೇ. ತಂದೆಯವರು ಮುಟ್ಟಿದ್ದು."

ಗುಂಡು ಒಳಗಿಳಿಯಿತು. ಮೂರನೇ ಗೇರು ಟಕ್ಕೆಂದು ಕೂತಿತು. ಅವನು ಅಲುಗಾಡಿಸಿದ. ಜಾರಲಿಲ್ಲ. ಮೋಹನದಾಸನೂ ಅವನೂ ಸೇರಿ ಗೇರ್‌ಬಾಕ್ಸನ್ನು ಶೆಡ್ಡಿಗೆ ಹೊತ್ತರು.

ಮೇಜು ಖಾಲಿಯಾಯಿತು. ನಡುವೆ ಕಪ್ಪು ಎಣ್ಣೆಯ ಕಲೆ ಮಾತ್ರ. ಉಮಾವತಿ ಉಜ್ಜಿದಳು. ಹೋಗಲಿಲ್ಲ. ಇರಲಿ ಎಂದು ಅದರ ಆಚೆಗೊಂದು, ಈಚೆಗೊಂದು ತಟ್ಟೆಯಿಟ್ಟಳು. ಅಣ್ಣನನ್ನು ಆಗ್ನೆಸ್ ಬಾಯಿ ಅಂದು ತಮ್ಮ ಮನೆಯ ಊಟಕ್ಕೆ ಕರೆದೊಯ್ದಿದ್ದರು, ಬೇಕೆಂದೇ.

"ಈ ಹೊಸ ಗುಂಡು ಎಂತ ಮಾಡುವುದು?" ಕೇಳಿದ ಚಿತ್ತರಂಜನ, ಅವಳೆದುರು ಕುಳಿತು.

"ಸಾಸಿವೆ ಡಬ್ಬಿಯಲ್ಲಿರಲಿ. ನೀವು ಯಾವತ್ತಾದ್ರೂ ಆದಿತ್ಯವಾರ ಬರುವುದು ತಪ್ಪಿಸಿದ್ರೆ..."

"ಇನ್ನು ಆದಿತ್ಯವಾರ ಬರುವುದಿಲ್ಲ."

ಅವಳ ಕೈಯಲ್ಲಿದ್ದ ಸೌಟು ನಿಂತಿತು.

"ಬರುವುದು ಎಂತಕ್ಕೆ ಉಮಾ," ಎಂದ ಅವನು. "ಮದುವೆಯಾಗಿ ಇಲ್ಲಿಂದ ಹೋಗುವುದೇ ಬೇಡ ಅಂತ ಉಂಟು. ನೀನು ಹೂಂ ಅಂದ್ರೆ."

ಅವಳು ಅವನ ತಟ್ಟೆಗೆ ಅನ್ನ ಬಡಿಸಿದಳು. ಆಮೇಲೆ ತನ್ನದಕ್ಕೆ. ಕುರ್ಚಿ ಎಳೆದು ಕುಳಿತಳು.

"ಹೂಂ," ಎಂದಳು. "ಉಣ್ಣಿ, ತಣಿಯುತ್ತದೆ."