ಹೆಸರಿಲ್ಲದ ದನಿಗಳು

ಅವಳು ಎಂಟರ್ ಒತ್ತಿದಳು. ಪರದೆ ಏನೂ ಹೇಳಲಿಲ್ಲ. ಮೌನ ಸಮ್ಮತಿಯ ಲಕ್ಷಣ ಎಂದುಕೊಂಡು ನೀರು ಕುಡಿಯಲು ಎದ್ದಳು.

ಆಸ್ಪತ್ರೆಯ ಆ ಕೋಣೆಗೆ ಕಿಟಕಿಯಿರಲಿಲ್ಲ. ಗೋಡೆಗೆಲ್ಲ ಬೂದು ಸ್ಪಂಜು, ನಡುವೆ ಒಂದು ಮೈಕು. ಗಂಟಲಿನ ಆಪರೇಷನ್ನಿನಲ್ಲಿ ಮಾತು ಕಳೆದುಕೊಳ್ಳಲಿರುವವರು ಅದಕ್ಕೂ ಮೊದಲು ಇಲ್ಲಿ ಕೂತು ತಮ್ಮ ದನಿ ಬಿಟ್ಟುಹೋಗುತ್ತಿದ್ದರು: ಮಕ್ಕಳ ಹೆಸರು, ಒಂದೆರಡು ಬೈಗುಳ, ಅರ್ಧ ಹಾಡು. ಅದನ್ನು ರೆಕಾರ್ಡ್ ಮಾಡಿ ಕಾಪಾಡುವುದು ಸ್ಪೀಚ್ ಥೆರಪಿಸ್ಟ್ ಆದ ಅವಳ ಕೆಲಸ. ಫೈಲುಗಳನ್ನು ಕಂಪ್ಯೂಟರಿನ ಸಣ್ಣ ಡಿಸ್ಕಿನಿಂದ ಒಂದೊಂದಾಗಿ ದೊಡ್ಡ ಡಿಸ್ಕಿಗೆ ಸಾಗಿಸಿ ಬೇಸತ್ತಿದ್ದಳು. ಯಾವುದೋ ವೀಡಿಯೋ ನೋಡಿ, ಆ ಕೆಲಸವನ್ನು ಕಂಪ್ಯೂಟರೇ ಮಾಡುವಂತೆ ಆಜ್ಞೆಗಳ ಒಂದು ಪುಟ್ಟ ಪಟ್ಟಿ, ಶೆಲ್ ಸ್ಕ್ರಿಪ್ಟ್, ತಾನೇ ಬರೆದಿದ್ದಳು.

ಮರಳಿ ಬಂದು ದೊಡ್ಡ ಡಿಸ್ಕ್ ತೆರೆದರೆ ಅಲ್ಲಿ ಒಂದೇ ಒಂದು ಫೈಲಿತ್ತು. ಹಳೆಯ ಫೋಲ್ಡರ್ ಬರಿದಾಗಿತ್ತು.

ಹಿಂದಿನ ದಿನವಷ್ಟೇ ಡ್ರಾಯಿಂಗ್ ಮಾಸ್ತರೊಬ್ಬರ ಆಪರೇಷನ್ ಆಗಿತ್ತು. ಅವರ ದನಿ ಈಗ ಅವರ ಗಂಟಲಿನಲ್ಲಿರಲಿಲ್ಲ. ಉಳಿದದ್ದು ಆ ಫೋಲ್ಡರಿನಲ್ಲಿ ಮಾತ್ರ.

"ಏನೂ ಮುಟ್ಟಬೇಡಿ. ಮೌಸ್ ಕೂಡ," ಎಂದಿತು ಫೋನಿನ ಆಚೆಯ ದನಿ. "ಬಂದೆ."

ಬಂದವನು ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ಹೆಗಲ ಮೇಲೆ ಸದಾ ಕೇಬಲ್ ಸುರುಳಿ ಇರುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವನು ತಂತಿ. ಸ್ಕ್ರಿಪ್ಟ್ ಓದುತ್ತ ಅವನ ಹುಬ್ಬು ಮೇಲೇರಿತು.

"ಈಜು ಕಲಿಯೋಕೆ ನೇರ ಸಮುದ್ರಕ್ಕೇ ಹಾರಿದ್ದೀರಲ್ಲ, ಮೇಡಂ."

ಅವಳು ನಗಲಿಲ್ಲ. ಅವಳ ಮುಖ ನೋಡಿ ಅವನೂ ನಗು ನುಂಗಿದ.

"ಇಲ್ನೋಡಿ. ಈ ಫೋಲ್ಡರಿಗೆ ಹಾಕು ಅಂದಿದ್ದೀರಿ. ಆದ್ರೆ ಆ ಫೋಲ್ಡರನ್ನ ಮಾಡೇ ಇಲ್ಲ. ಹಾಗಾಗಿ ಕಂಪ್ಯೂಟರು ಅದನ್ನ ಫೈಲಿನ ಹೆಸರು ಅಂದ್ಕೊಂಡ್ತು. ಮೊದಲನೇದಕ್ಕೆ ಆ ಹೆಸರಿಡ್ತು, ಎರಡನೇದನ್ನ ಅದರ ಮೇಲೇ ಬರೀತು, ಮೂರನೇದನ್ನ ಎರಡನೇದರ ಮೇಲೆ."

"ಅಂದ್ರೆ ಒಬ್ಬರ ದನಿ ಮೇಲೆ ಇನ್ನೊಬ್ಬರದು."

"ಹೂಂ. ಕೊನೆಯವರು ಮಾತ್ರ ಉಳಿದ್ರು."

"ನನ್ನನ್ನ ಒಂದು ಮಾತು ಕೇಳಲೂ ಇಲ್ಲ ಅದು."

"ಕೇಳು ಅಂತ ನೀವು ಹೇಳಿರಲಿಲ್ಲ."

ಸಣ್ಣ ಡಿಸ್ಕಿನಿಂದ ಅಳಿದದ್ದರ ಗುರುತು, ಅದೇ ಜಾಗದಲ್ಲಿ ಹೊಸದು ಬರೆಯುವ ತನಕ ಉಳಿದಿರುತ್ತದಂತೆ. ಅವನು ಆ ಡಿಸ್ಕನ್ನು ಬಿಚ್ಚಿ, ಗಾಯಗೊಂಡ ಹಕ್ಕಿಯನ್ನು ಒಯ್ಯುವಂತೆ ಎರಡೂ ಕೈಯಲ್ಲಿ ಒಯ್ದ. ಮರುದಿನದಿಂದ ಫೈಲುಗಳು ಒಂದೊಂದಾಗಿ ಮರಳತೊಡಗಿದವು. ಹೆಸರು ಮಾತ್ರ ಯಾವುದಕ್ಕೂ ಇರಲಿಲ್ಲ. ಯಾರದ್ದೆಂದು ಕೇಳಿಯೇ ಗುರುತಿಸಬೇಕಿತ್ತು.

ಮಧ್ಯಾಹ್ನಗಳಲ್ಲಿ ಇಬ್ಬರೂ ಹೆಡ್‌ಫೋನ್ ಹಾಕಿಕೊಂಡು ಪಕ್ಕಪಕ್ಕ ಕೂರುತ್ತಿದ್ದರು. ಆ ದನಿಗಳ ಒಡೆಯರಲ್ಲಿ ಕೆಲವರು ಈಗ ಬದುಕಿರಲಿಲ್ಲ. ಅಂಥದ್ದು ಬಂದಾಗ ಅವಳು ಕಣ್ಣು ಮುಚ್ಚುತ್ತಿದ್ದಳು. ಆ ಹೊತ್ತಿನಲ್ಲಿ ಅವನು ತನ್ನನ್ನೇ ನೋಡುತ್ತಿದ್ದಾನೆಂದು ಕಣ್ಣು ಮುಚ್ಚಿದ್ದರೂ ಅವಳಿಗೆ ತಿಳಿಯುತ್ತಿತ್ತು.

ನಡುನಡುವೆ ಅವನು ಸ್ಕ್ರಿಪ್ಟಿನ ಇನ್ನೊಂದು ತಪ್ಪು ತಿದ್ದುತ್ತಿದ್ದ.

"ನಾಳೆ ನೀವು ಫೈಲಿಗೆ 'ಅಜ್ಜಿ ಎರಡನೇ ಸಲ' ಅಂತ ಹೆಸರಿಟ್ರಿ ಅನ್ಕೊಳ್ಳಿ. ಕೋಟ್, ಅಂದ್ರೆ ಉದ್ಧರಣ ಚಿಹ್ನೆ, ಹಾಕದಿದ್ರೆ ಇದಕ್ಕೆ ಅಜ್ಜಿ ಬೇರೆ, ಎರಡನೇ ಬೇರೆ, ಸಲ ಬೇರೆ. ಜೊತೆಗಿರಬೇಕಾದವರು ಜೊತೆಗೇ ಇರಬೇಕು ಅಂದ್ರೆ ಎರಡೂ ಕಡೆ ಕೋಟ್ ಬೇಕು."

ಹಾಗೆಂದವನು ಪರದೆ ಬಿಟ್ಟು ಅವಳನ್ನು ನೋಡಿದ. ಅವಳು ಕೀಬೋರ್ಡ್ ನೋಡಿದಳು. ಕಿವಿಯ ತುದಿ ಬಿಸಿಯಾಯಿತು.

"ಎಲ್ಲದಕ್ಕೂ ಹೀಗೇ ಉದಾಹರಣೆ ಕೊಡ್ತೀರಾ?"

"ಎಲ್ಲರಿಗೂ ಕೊಡಲ್ಲ."

ತಿದ್ದಿದ ಸ್ಕ್ರಿಪ್ಟನ್ನು ನಿಜವಾದ ಫೈಲುಗಳ ಮೇಲೆ ಪರೀಕ್ಷಿಸಲು ಅವಳಿಗೆ ಧೈರ್ಯ ಬರಲಿಲ್ಲ. "ನನ್ನದು ಹಾಕಿ. ನನ್ನ ದನಿ ಹೋದ್ರೆ ಯಾರ ಗಂಟೇನು ಹೋಗುತ್ತೆ," ಎಂದು ಅವನೇ ಮೈಕಿನ ಮುಂದೆ ಕೂತು ಬಾಯಿಗೆ ಬಂದದ್ದು ಮಾತಾಡಿದ.

ಅವಳು ಹೆಡ್‌ಫೋನಿನಲ್ಲಿ ಕೇಳಿದಳು. ಎದುರು ಕೂತಾಗ ಅವನ ಮಾತಿನ ಕುಚೋದ್ಯ ಅವಳ ಗಮನ ಕದಿಯುತ್ತಿತ್ತು. ಈಗ ಬರೀ ದನಿ. ಪ್ರತಿ ಸ್ವರದ ತುದಿಯಲ್ಲೂ ಒಂದು ಒಡಕು, ಎಲ್ಲಿಂದಲೋ ಸೋರುವ ಗಾಳಿ. ಅವಳು ಹೆಡ್‌ಫೋನ್ ತೆಗೆದಿಟ್ಟಳು.

"ಈ ಒಡಕು ಯಾವಾಗಿಂದ ಇದೆ?"

"ಸರ್ವರ್ ರೂಮಿನ ಎಸಿ ಪ್ರಸಾದ. ಚಳಿಗಾಲದಿಂದ ಇದೆ. ನಮ್ಮಕ್ಕ ಅಂತಾಳೆ, ಈಗಲಾದ್ರೂ ನಿನ್ನ ದನಿ ಹುಡುಗೀರಿಗೆ ಹಿಡಿಸೋ ಹಾಗಾಗಿದೆ ಅಂತ."

ಅವಳಿಗೂ ಹಿಡಿಸಿತ್ತು. ಆದರೆ ಹೊರಗೆ ಬೇಸಿಗೆ ಮುಗಿಯುತ್ತ ಬಂದಿತ್ತು; ಇಷ್ಟು ತಿಂಗಳು ಉಳಿಯುವ ಒಡಕು ಎಸಿಯದ್ದಲ್ಲ.

"ಕೆಳಗೆ ಹೋಗಿ ಸರ್ಜನ್‌ಗೆ ತೋರಿಸಿ. ಈಗಲೇ."

"ಮಾಸ್ತರ ಫೈಲ್ ಸಿಗಲಿ. ಆಮೇಲೆ."

ಮರುದಿನವೂ ಆಮೇಲೆ ಎಂದ. ಅದರ ಮರುದಿನ ಅವಳು ಮಾತು ಬೆಳೆಸಲಿಲ್ಲ. ಅವನ ಮಣಿಕಟ್ಟು ಹಿಡಿದು ಲಿಫ್ಟಿಗೆ ನಡೆದಳು. ಲಿಫ್ಟು ಇಳಿಯುತ್ತಿದ್ದಾಗ, ಎಳೆದು ತಂದದ್ದು ಆಯಿತಲ್ಲ, ಇನ್ನು ಕೈ ಬಿಡಬಹುದು ಎಂದು ಇಬ್ಬರಿಗೂ ಅನ್ನಿಸಿರಬೇಕು. ಇಬ್ಬರೂ ಬಿಡಲಿಲ್ಲ.

ಮಾತಿಗೊಂದು ತಮಾಷೆ ಮಾಡುವ ಸರ್ಜನ್, ಅವನ ಗಂಟಲೊಳಗೆ ಕ್ಯಾಮೆರಾ ಇಳಿಸಿದ ಮೇಲೆ ತಮಾಷೆ ಮಾಡಲಿಲ್ಲ.

ಮಾಸ್ತರ ದನಿ ಆ ವಾರವೇ ಸಿಕ್ಕಿತು. "ಗೇಟು ಹಾಕ್ಕೊಂಡು ಬಾ ಮಗಾ," ಎನ್ನುತ್ತಿದ್ದರು. ಅವರ ಹೆಂಡತಿ ಹೆಡ್‌ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿಕೊಂಡು ಮತ್ತೆ ಮತ್ತೆ ಕೇಳಿದರು. ಆದರೆ ಒಬ್ಬ ಅಜ್ಜಿಯ ದನಿ ಹೋಗಿಯೇ ಹೋಯಿತು. ಅವರ ಮಗನಿಗೆ ಥೆರಪಿಸ್ಟೇ ಫೋನ್ ಮಾಡಿ ಹೇಳಿದಳು. ಆತ ಬೈಯಲಿಲ್ಲ. ಅದರಲ್ಲಿ ಅಮ್ಮ ಏನಂದಿದ್ದಳು ಎಂದಷ್ಟೇ ಕೇಳಿದ.

ತಂತಿಯ ವರದಿಯೂ ಬಂತು: ಕ್ಯಾನ್ಸರ್. ಒಂದು ಧ್ವನಿತಂತುವನ್ನು ತೆಗೆಯಬೇಕು. ಆಮೇಲೆ ದನಿ ಬರುವುದೋ ಇಲ್ಲವೋ, ಬಂದರೆ ಎಂಥದ್ದೋ, ಯಾರೂ ಹೇಳುವಂತಿರಲಿಲ್ಲ.

ಆಪರೇಷನ್ನಿನ ಮುನ್ನಾದಿನ ಅವನು ಮತ್ತೆ ಆ ಮೈಕಿನ ಮುಂದೆ ಕೂತ. ಓದಬೇಕಾದ ವಾಕ್ಯಗಳ ಹಾಳೆಯನ್ನು ಮಗುಚಿಟ್ಟ.

"ನಿಮ್ಮ ಸ್ಕ್ರಿಪ್ಟಿನ ತಪ್ಪೆಲ್ಲ ನನಗೆ ಮೊದಲ ದಿನವೇ ಕಂಡಿತ್ತು, ಮೇಡಂ. ಅಪಾಯದ್ದನ್ನ ಅವತ್ತೇ ಸರಿ ಮಾಡಿದೆ. ಉಳಿದದ್ದನ್ನ ದಿನಕ್ಕೊಂದು ಅಂತ ಇಟ್ಕೊಂಡೆ. ಇಲ್ದಿದ್ರೆ ಈ ಕೋಣೆಗೆ ಬರೋಕೆ ನನಗೆ ಯಾವ ನೆಪ ಇತ್ತು?"

ಮೈಕಿನ ಈಚೆ ಅವಳು ತುಟಿ ತೆರೆದಳು. ಅವನು ಕೈಯೆತ್ತಿ ತಡೆದ.

"ಉತ್ತರ ಈಗ ಬೇಡ. ಈಗ ಕೇಳಿದ್ರೆ ಕರುಣೆಗೆ ಹೂಂ ಅಂದುಬಿಡ್ತೀರಿ. ಅದು ನನಗೆ ಬೇಡ."

ಅವನು ಹೋದ ಮೇಲೆ ಅವಳು ಆ ಫೈಲಿನ ಮುಂದೆ ಕೂತಳು. ಸ್ಕ್ರಿಪ್ಟ್ ಈಗ ಮೊದಲು ನಕಲು ಮಾಡುತ್ತಿತ್ತು, ಎರಡನ್ನೂ ಹೋಲಿಸುತ್ತಿತ್ತು, ಒಂದೇ ಎಂದು ಖಾತ್ರಿಯಾದ ಮೇಲಷ್ಟೇ ಹಳೆಯದನ್ನು ಅಳಿಸುತ್ತಿತ್ತು. ಆದರೂ ಎಂಟರ್ ಒತ್ತುವ ಮುನ್ನ ಪ್ರತಿ ಸಾಲನ್ನೂ ಇನ್ನೊಮ್ಮೆ ಓದಿದಳು.

ಮಳೆಗಾಲ ಶುರುವಾದಾಗ ಅವನನ್ನು ಅವನ ಅಕ್ಕ ಕರೆತಂದು, ತಾನು ಹೊರಗಿನ ಬೆಂಚಿನ ಮೇಲೆ ಕೂತಳು. ಆಪರೇಷನ್ ಆದಂದಿನಿಂದ, ಸರ್ಜನ್ ಹೇಳಿದಂತೆ, ಅವನು ತುಟಿ ಬಿಚ್ಚಿರಲಿಲ್ಲ.

"ಮೆಲ್ಲಗೆ," ಎಂದಳು ಅವಳು. "ಒತ್ತಬೇಡಿ."

"ಹೇಗಿದೆ?" ಎಂದ ಅವನು. ಒಣಗಿದ ಎಲೆಗಳ ಮೇಲೆ ಏನನ್ನೋ ಎಳೆದಂತಿತ್ತು.

"ಚೆನ್ನಾಗಿಲ್ಲ. ಸುಳ್ಳು ಹೇಳಲ್ಲ. ಪೂರ್ತಿ ಸರಿಹೋಗದೆಯೂ ಇರಬಹುದು. ಕಾಯಿಲೆ ಮರಳಿ ಬರಲೂಬಹುದು ಅಂತ ಸರ್ಜನ್ ಹೇಳಿದ್ದಾರೆ, ಗೊತ್ತಲ್ಲ."

ಅವನು ತಲೆಯಾಡಿಸಿದ.

"ಇನ್ನೊಂದು. ನಿಮ್ಮ ಥೆರಪಿ ನಾನು ಮಾಡಲ್ಲ. ಪಕ್ಕದ ಕೋಣೆಯ ಸೀನಿಯರ್ ಮೇಡಂಗೆ ಒಪ್ಪಿಸಿದ್ದೀನಿ."

ಅವನ ಮುಖ ಬಾಡಿತು. "ಯಾಕೆ?"

"ಯಾರ ದನಿ ಕೇಳಿದ್ರೂ ಅದರಲ್ಲಿ ತಪ್ಪು ಹುಡುಕೋದು ನನ್ನ ಕೆಲಸ. ನಿನ್ನ ದನಿ ಕೇಳಿದ್ರೆ ನನ್ನ ಕಿವಿ ಆ ಕೆಲಸ ಮರೆತೇಬಿಡುತ್ತೆ."

ನೀನು ಎಂದುಬಿಟ್ಟದ್ದು ಅವಳಿಗೆ ತಡವಾಗಿ ಹೊಳೆಯಿತು. ಅವನ ಕಣ್ಣಲ್ಲಿ ಅದಾಗಲೇ ನೀರಿತ್ತು. ಏನೋ ಹೇಳಲು ಅವನ ಬಾಯಿ ತೆರೆಯಿತು.

ಅವಳು ಅವನ ಗಂಟಲಿನ ಮೇಲೆ ಅಂಗೈ ಇಟ್ಟಳು.

"ಸಾಕು. ಇವತ್ತಿಗೆ ಇಷ್ಟೇ ಮಾತು. ಸಂಜೆ ಕೆಲಸ ಮುಗಿಸಿ ನಿಮ್ಮನೆಗೆ ಬರ್ತೀನಿ, ಅಕ್ಕನಿಗೆ ನಮ್ಮ ವಿಷಯ ನಾನೇ ಹೇಳ್ತೀನಿ."