ಕತ್ತರಿಸದೆ ಉಳಿದ ಅಂಚು

ಫೆಬ್ರವರಿ ಹನ್ನೊಂದು, ಬುಧವಾರ, ಬೆಳಿಗ್ಗೆ ಎಂಟು ಗಂಟೆ ಮೂವತ್ತು ನಿಮಿಷ. ಹವಾಮಾನ ಕೇಂದ್ರದ ಅಂಗಳದಲ್ಲಿ ನಾನು ಉಷ್ಣಮಾಪಕ ನೋಡುತ್ತಿದ್ದೆ. ವ್ಯೂ ಪಾಯಿಂಟ್ ಪಕ್ಕದಲ್ಲಿ ಪುಸ್ತಕದಂಗಡಿ ಇಟ್ಟಿರುವ ನನ್ನ ಅಕ್ಕ ಏದುಸಿರು ಬಿಡುತ್ತಾ ಬಂದಳು.

"ಇಲ್ಲಿ ನೋಡೇ! ಇದು ನೀನೇ ತಾನೆ?"

ಅವಳ ಕೈಯಲ್ಲಿದ್ದದ್ದು ಶತ್ರುವಿನ ಪುಸ್ತಕ.

ಶತ್ರು ಎಂದರೆ ಕಡಲ ತೀರದ ಊರು. ನಮ್ಮದು ಬೆಟ್ಟದ ಊರು. ಪ್ರವಾಸಿಗರನ್ನು ಸೆಳೆಯುವ ವಿಷಯದಲ್ಲಿ ಇಬ್ಬರಿಗೂ ಹಳೆಯ ಜಿದ್ದು. ಸೀಸನ್ನಿಗೆ ಮುಂಚೆ ಎರಡೂ ಕಡೆಯಿಂದ ಒಂದೊಂದು ಕಾರ್ಟೂನ್ ಪುಸ್ತಕ ಬರುತ್ತದೆ, ಎದುರು ಊರನ್ನು ಗೇಲಿ ಮಾಡಲಿಕ್ಕೆಂದೇ. ಆರು ವರ್ಷಗಳಿಂದ ನಮ್ಮ ಪುಸ್ತಕ ಬರೆಯುವವಳು ನಾನು, 'ಕಂಬಳಿ' ಎಂಬ ಹೆಸರಿನಲ್ಲಿ. ಅವರ ಕಡೆಯವನು 'ಉಪ್ಪು'. ಅವನು ಯಾರೆಂದು ನಮ್ಮೂರಿನಲ್ಲಿ ಯಾರಿಗೂ ಗೊತ್ತಿಲ್ಲ.

ಅವನ ಮೇಲೆ ನನಗೆ ಕಳೆದ ವರ್ಷದಿಂದ ಬೇರೆಯೇ ಸಿಟ್ಟು. ನನ್ನ ಪುಸ್ತಕದ ಪ್ರವಾಸಿ, ಕೊಡೆಗಳ ಗದ್ದಲದಲ್ಲಿ ಸಮುದ್ರ ಕಾಣದೆ 'ಸಮುದ್ರಕ್ಕೆ ದಾರಿ' ಎಂಬ ಬೋರ್ಡಿನ ಫೋಟೊ ತೆಗೆದುಕೊಂಡು ಮನೆಗೆ ಹೋಗುತ್ತಾನೆ. ಉಪ್ಪುವಿನ ಪುಸ್ತಕದಲ್ಲಿ ಅದೇ ಪ್ರವಾಸಿ, ಮಂಜಿನಲ್ಲಿ ಬೆಟ್ಟ ಕಾಣದೆ 'ಬೆಟ್ಟಕ್ಕೆ ದಾರಿ' ಎಂಬ ಬೋರ್ಡಿನ ಫೋಟೊ ತೆಗೆಯುತ್ತಾನೆ! ಪ್ರೆಸ್ಸಿಗೆ ಕೊಟ್ಟ ನನ್ನ ಚಿತ್ರವನ್ನು ಹೇಗೋ ನೋಡಿ ಕದ್ದಿದ್ದಾನೆ ಎಂದು ವರ್ಷವಿಡೀ ಒಳಗೊಳಗೇ ಕುದ್ದಿದ್ದೆ.

ಅಕ್ಕ ಬೆರಳಿಟ್ಟದ್ದು ಚಿತ್ರದ ಮೇಲಲ್ಲ, ಚೌಕಟ್ಟಿನಾಚೆಯ ಅಂಚಿನ ಮೇಲೆ. ಅಲ್ಲಿ ಕಾಳಿನಷ್ಟು ಚಿಕ್ಕ ಹೆಂಗಸೊಬ್ಬಳು ಬೆನ್ನು ಹಾಕಿ ಕೂತಿದ್ದಳು. ತುರುಬಿನಲ್ಲಿ ಎರಡು ಪೆನ್ಸಿಲ್. ಕೈಯಲ್ಲಿ ಮೂಲೆ ಮುರಿದ ಸ್ಟೀಲ್ ಸ್ಕೇಲು. ಎಡಗಿವಿಯ ಹಿಂದೆ ಶಾಯಿಯ ಚುಕ್ಕೆ.

ಪುಟ ತಿರುಗಿಸಿದೆ. ಅಲ್ಲೂ ಅವಳೇ. ಮೂವತ್ತೆರಡು ಪುಟಗಳಲ್ಲೂ ಅವಳೇ.

ತುರುಬಿಗೆ ಎರಡು ಪೆನ್ಸಿಲ್ ಸಿಕ್ಕಿಸುವುದು ನಾನು ಪ್ರೂಫ್ ನೋಡುವಾಗ ಮಾತ್ರ. ಪ್ರೂಫ್ ನೋಡುವುದು ಎರಡೂ ಊರುಗಳ ಮಧ್ಯದಲ್ಲಿರುವ ಪ್ರೆಸ್ಸಿನಲ್ಲಿ ಮಾತ್ರ. ಅಲ್ಲಿ ನನ್ನ ಎಡಗಿವಿಯ ಹಿಂಭಾಗ ಕಾಣುವ ಕುರ್ಚಿ ಒಂದೇ ಒಂದು.

"ಅಕ್ಕಾ, ಅದು ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವವರ ಕುರ್ಚಿ ಕಣೇ!"

"ಯಾರು, ಫೆಬ್ರವರಿ ಬಂತು ಅಂದ್ರೆ ನೀನು ಹೊಸ ಸೀರೆ ಹುಡುಕ್ತೀಯಲ್ಲ, ಅದು ಯಾರಿಗೋಸ್ಕರಾನೋ ಅವರಾ?"

ಆರು ವರ್ಷ ಆ ಮನುಷ್ಯನ ಪಕ್ಕದಲ್ಲಿ ಕೂತು ನಾನು ಉಪ್ಪುವನ್ನು ಬಾಯಿಗೆ ಬಂದಂತೆ ಬೈದಿದ್ದೆ. ಅವರು ಗಂಭೀರವಾಗಿ ತಲೆದೂಗಿದ್ದರು. "ಅವನಿಗೆ ಏಡಿ ಬರಿಯೋಕೂ ಬರಲ್ಲ" ಎಂದಾಗ, "ಹೌದು ಮೇಡಮ್, ಕಾಲು ಎಣಿಸೋಕೇ ಬರಲ್ಲ ಅನ್ಸುತ್ತೆ" ಎಂದಿದ್ದರು.

ಹತ್ತೂಕಾಲಿಗೆ ಪ್ರೆಸ್ಸಿನಲ್ಲಿದ್ದೆ. ಬಾಗಿಲಲ್ಲೇ ಕಟಿಂಗ್ ಮಾಮ ಕೈಮುಗಿದರು. ಪುಸ್ತಕಗಳ ಅಂಚು ಕತ್ತರಿಸುವ ಯಂತ್ರ ಅವರದು. ಆ ಮೂಲೆ ಮುರಿದ ಸ್ಕೇಲಿನಿಂದ ಪ್ರತಿ ಅಂಚನ್ನೂ ಅಳೆಯುವ ನನಗೆ ಅವರಿಟ್ಟ ಹೆಸರು ಮಿಲಿಮೀಟರಮ್ಮ.

"ಮಿಲಿಮೀಟರಮ್ಮಾ, ತಪ್ಪು ನಂದು. ಅಳತೆಯ ತಿರುಪು ಜಾರಿಬಿಟ್ಟಿತ್ತು. ನಾಲ್ಕು ಮಿಲಿಮೀಟರ್ ಕತ್ತರಿಸದೆ ಹಾಗೇ ಉಳೀತು. ಎರಡು ಸಾವಿರ ಪ್ರತಿ! ಒಳಗೆ ಒಬ್ರು ಬೆಳಿಗ್ಗೆಯಿಂದ ನೀರೂ ಕುಡಿದಿಲ್ಲ."

ಅವರು ತಮ್ಮ ಕುರ್ಚಿಯಲ್ಲೇ ಇದ್ದರು. ನನ್ನನ್ನು ಕಂಡು ಎದ್ದರು, ಕೂತರು, ಮತ್ತೆ ಎದ್ದರು.

"ಉಪ್ಪು ನೀವೇನಾ?"

"ಹೌದು."

"ನನ್ನ ಜೋಕು ಕದ್ರಾ?"

ಬಯ್ಗುಳಕ್ಕೆ ಸಿದ್ಧರಾಗಿದ್ದ ಅವರು ಈ ಪ್ರಶ್ನೆಗೆ ಸಿದ್ಧರಿರಲಿಲ್ಲ. ಯಾರ ಚಿತ್ರ ಯಾವಾಗ ಬಂತು, ಯಾವಾಗ ಅಚ್ಚಿನ ಪ್ಲೇಟಿಗೆ ಹೋಯಿತು ಎಂದು ಬರೆದಿಡುವ ರಿಜಿಸ್ಟರ್ ತಂದು ನನ್ನ ಮುಂದಿಟ್ಟರು. ಬೆರಳಿಟ್ಟು ಓದಿದೆ. ಕಳೆದ ವರ್ಷ ಅವರ ಪುಟಗಳು ಪ್ಲೇಟಿಗೆ ಹೋದದ್ದು ಜನವರಿ ಇಪ್ಪತ್ತಕ್ಕೆ. ನಾನು ನನ್ನ ಚಿತ್ರಗಳನ್ನು ತಂದದ್ದು ಫೆಬ್ರವರಿ ಏಳಕ್ಕೆ. ಹದಿನೆಂಟು ದಿನ ಮೊದಲು. ಉಳಿದ ಐದು ವರ್ಷಗಳನ್ನೂ ನೋಡಿದೆ. ಪ್ರತಿ ವರ್ಷವೂ ಅವರೇ ಮೊದಲು.

"ಹಾಗಾದ್ರೆ ಅದೇ ಬೋರ್ಡು, ಅದೇ ಫೋಟೊ ಹೇಗ್ರೀ?"

"ಕಂಬಳಿ ಈ ಸಲ ಏನು ಬರೀಬಹುದು ಅಂತ ವರ್ಷವೆಲ್ಲ ಯೋಚಿಸ್ತಾ ಇರ್ತೀನಿ. ಒಂದ್ಸಲ ಸರಿಯಾಗಿಬಿಡ್ತು." ಅವರು ತಲೆ ತಗ್ಗಿಸಿದರು. "ಮೊದಲನೇ ದಿನವೇ ನೀವು ಉಪ್ಪುವನ್ನ ಬೈತಾ ಒಳಗೆ ಬಂದ್ರಿ. ಹೇಳಿದ್ರೆ ಬೇರೆ ಪ್ರೆಸ್ಸಿಗೆ ಹೋಗ್ತೀರಿ ಅಂತ ಹೆದರಿದೆ. ತಪ್ಪೇ. ಇವತ್ತು ಹೋದರೂ ನಾನು ತಡೆಯಲ್ಲ."

"ಈ ಚಿತ್ರ?"

"ಅದು ಕತ್ತರಿಸಿ ಹೋಗೋ ಜಾಗ. ಯಾರೂ ನೋಡಲ್ಲ ಅನ್ನೋ ಧೈರ್ಯದ ಮೇಲೆ ಬರೆದೆ."

ಮೇಜಿನ ಖಾನೆ ಎಳೆದರು. ಒಳಗೆ ಹಿಂದಿನ ಪುಸ್ತಕಗಳಿಂದ ಕತ್ತರಿಸಿ ಬಿದ್ದ ಅಂಚುಗಳು, ಕಡ್ಡಿಯಷ್ಟು ಸಣ್ಣ ಕಾಗದದ ಪಟ್ಟಿಗಳು, ವರ್ಷವಾರು ದಾರ ಕಟ್ಟಿದ ಐದು ಕಟ್ಟು. ಪ್ರತಿ ಪಟ್ಟಿಯಲ್ಲೂ ನಾನು. ಮೊದಲ ವರ್ಷದ ಕಟ್ಟಿನಲ್ಲಿ ಸ್ಕೇಲಿನ ಮೂಲೆ ಇನ್ನೂ ಮುರಿದಿರಲಿಲ್ಲ.

ಅಳತೆ ಮಾಡುವುದು ನನ್ನ ಕೆಲಸ. ನನ್ನನ್ನೇ ಇಷ್ಟು ವರ್ಷ, ಇಷ್ಟು ಸರಿಯಾಗಿ ಯಾರೋ ಅಳೆಯುತ್ತಿದ್ದರು.

"ನನ್ನ ಪ್ರೂಫ್ ಕೊಡಿ" ಎಂದೆ.

ಕೊಟ್ಟರು. ಇದೇ ಕೊನೆಯ ಸಲ ಎಂದುಕೊಂಡರೇನೋ, ಪುಟಗಳನ್ನು ಎರಡು ಸಲ ಜೋಡಿಸಿ ಇಟ್ಟರು. ಅಭ್ಯಾಸದಂತೆ ತುರುಬಿಗೆ ಎರಡು ಪೆನ್ಸಿಲ್ ಸಿಕ್ಕಿಸಿ, ಒಂದನ್ನು ಎಳೆದುಕೊಂಡು, ಕತ್ತರಿಸುವ ಗೆರೆಯಾಚೆ, ಅಂಚಿನಲ್ಲಿ ಬರೆಯತೊಡಗಿದೆ. ಕನ್ನಡಕ. ಮುಂದಕ್ಕೆ ಬಾಗಿದ ಹೆಗಲು. ನೀರು ಕುಡಿಯದ ಒಣ ತುಟಿ.

ಅವರು ಬಗ್ಗಿ ನೋಡಿದರು. ಉಸಿರು ನನ್ನ ಕಿವಿಯ ಹಿಂದೆಯೇ ನಿಂತಿತು, ಅವರ ಚಿತ್ರದಲ್ಲಿ ಶಾಯಿಯ ಚುಕ್ಕೆ ಇದ್ದ ಜಾಗದ ಹತ್ತಿರ.

"ಮೂಗು ಅಷ್ಟು ದಪ್ಪನಾ ಮೇಡಮ್?"

"ಏಡಿಗೆ ಹತ್ತು ಕಾಲು ಇರ್ತವೆ ಅಂತ ಕಲೀರಿ. ಆಮೇಲೆ ಮೂಗು ಸರಿ ಮಾಡ್ತೀನಿ. ಮೊದಲು ನೀರು ಕುಡೀರಿ."

ಅವರು ಎರಡು ಲೋಟ ನೀರು ತಂದರು. ನಾನು ಪ್ರೂಫಿನ ಮೇಲ್ಗಡೆ, ಕಟಿಂಗ್ ಮಾಮನಿಗೆ ಕಾಣುವ ಹಾಗೆ ದಪ್ಪ ಅಕ್ಷರದಲ್ಲಿ ಬರೆದು ಸಹಿ ಹಾಕಿದೆ: ಈ ಪುಸ್ತಕದಲ್ಲಿ ಕತ್ತರಿಸದೆ ಉಳಿಸಬೇಕಾದ ಅಂಚು, ೪.೦ ಮಿಲಿಮೀಟರ್.