ಎರಡು ಸಲ ಮುಚ್ಚಿದ ಡಬ್ಬ

ಇನ್ನೊಂದು! ಅಂಚು ಮುರಿದ ಇನ್ನೊಂದು ರೊಟ್ಟಿಯನ್ನು ಅಜ್ಜಿ ಒಳ್ಳೆಯ ರೊಟ್ಟಿಗಳ ಡಬ್ಬಕ್ಕೇ ಹಾಕಿಬಿಟ್ಟಳು. ಮೇಜಿನ ಆಚೆ ಕುಳಿತಿದ್ದ ಪಟಾಕಿ ಮನಸ್ಸಿನಲ್ಲೇ ಎಣಿಸಿದಳು. ಹದಿನೇಳು.

ಪಟಾಕಿ ಎಂದರೆ ಐದನೇ ಕ್ಲಾಸಿನ ಹುಡುಗಿ. ಬಾಯಿ ಬಿಟ್ಟರೆ ಮಾತು ಸಿಡಿಯುತ್ತದೆ ಎಂದು ಮನೆಯವರೇ ಆ ಹೆಸರಿಟ್ಟಿದ್ದರು. ಆದರೆ ಶನಿವಾರ ಮಧ್ಯಾಹ್ನ ಈ ಕೋಣೆಯಲ್ಲಿ ಮಾತ್ರ ಅವಳು ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಅದು ಸಿಸ್ಟರ್‌ಗಳ ಮಠದ ಹಿಂದಿನ ಕೋಣೆ. ಚರ್ಚಿನ ಭಾನುವಾರದ ಪೂಜೆಯಲ್ಲಿ ಹಂಚಲು ಬೇಕಾದ ರೊಟ್ಟಿಗಳು ಅಲ್ಲೇ ತಯಾರಾಗುತ್ತಿದ್ದವು. ಹಿಟ್ಟು, ನೀರು, ಅಷ್ಟೇ, ಉಪ್ಪೂ ಇಲ್ಲ. ಬಿಸಿ ಕಬ್ಬಿಣದ ಎರಡು ಹಲಗೆಗಳ ನಡುವೆ ಹಿಟ್ಟು ಹುಯ್ದು ಒತ್ತಿದರೆ ಕಾಗದದಷ್ಟು ತೆಳುವಾದ ಬಿಳಿ ಹಾಳೆ ಬರುತ್ತಿತ್ತು. ಅದನ್ನು ದುಂಡಗೆ ಕತ್ತರಿಸುವುದು ದೊಡ್ಡ ಸಿಸ್ಟರ್ ಕೆಲಸ. ಆರಿಸುವುದು ಅಜ್ಜಿಯ ಕೆಲಸ. ದುಂಡಗಿದ್ದದ್ದು ಡಬ್ಬಕ್ಕೆ, ಮುರಿದದ್ದು, ಕಂದಿದ್ದು ಬಟ್ಟಲಿಗೆ. ಬಟ್ಟಲಿನದು ಓಣಿಯ ಮಕ್ಕಳ ಪಾಲು.

ಮೂವತ್ತೆರಡು ವರ್ಷದಿಂದ ಅಜ್ಜಿ ಅದೇ ಸ್ಟೂಲಿನ ಮೇಲೆ ಕುಳಿತು ಆರಿಸಿದ್ದಳು. ಅಜ್ಜ ತೀರಿಕೊಂಡ ಮೇಲೆ ಅವಳು ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ತಲೆ ಬಾಚಿ, ನಗುತ್ತಾ ಹೊರಡುತ್ತಿದ್ದದ್ದು ಶನಿವಾರ ಒಂದೇ ದಿನ. ಕಣ್ಣಿನ ಡಾಕ್ಟರು, "ಇನ್ನು ಕನ್ನಡಕದಿಂದಲೂ ಪ್ರಯೋಜನ ಇಲ್ಲಮ್ಮ" ಎಂದಿದ್ದರು. ಮನೆಗೆ ಬಂದು ಅಜ್ಜಿ, "ಸ್ವಲ್ಪ ಮಂಜು ಅಂತೆ, ಅಷ್ಟೇ" ಎಂದು ಎಲ್ಲರಿಗೂ ಹೇಳಿದ್ದಳು. ಜೊತೆಗೆ ಹೋಗಿದ್ದ ಪಟಾಕಿಗೆ ಮಾತ್ರ ನಿಜ ಗೊತ್ತಿತ್ತು.

ದೊಡ್ಡ ಸಿಸ್ಟರ್‌ಗೆ ಗೊತ್ತಾದರೆ ಅಜ್ಜಿಯ ಸ್ಟೂಲು ಹೋಗುತ್ತದೆ. ಶನಿವಾರವೂ ಹೋಗುತ್ತದೆ.

ಅದಕ್ಕೇ ಪಟಾಕಿ ಒಂದು ಉಪಾಯ ಮಾಡಿದ್ದಳು. ಕೆಲಸ ಮುಗಿದ ಮೇಲೆ ಅಜ್ಜಿ ಡಬ್ಬ ಮುಚ್ಚಿ ಕೈ ತೊಳೆಯಲು ನಲ್ಲಿಯ ಹತ್ತಿರ ಹೋಗುತ್ತಿದ್ದಳಲ್ಲ, ಆಗ ಇವಳು ಡಬ್ಬ ತೆರೆದು ಮುರಿದದ್ದನ್ನೆಲ್ಲ ಸರಸರ ಹೆಕ್ಕಿ ತನ್ನ ಟಿಫಿನ್ ಬಾಕ್ಸಿಗೆ ಹಾಕಿಕೊಳ್ಳುತ್ತಿದ್ದಳು. ಆಮೇಲೆ ಟಣ್ ಎಂದು ಮತ್ತೆ ಮುಚ್ಚಳ ಒತ್ತುತ್ತಿದ್ದಳು. ದಾರಿಯಲ್ಲಿ ಆ ಚೂರುಗಳು ಗುಬ್ಬಚ್ಚಿಗಳಿಗೆ.

ಇವತ್ತು ನಾಲ್ಕು ಗಂಟೆಗೆ ಪಕ್ಕದ ಬೆಂಚಿನ ಗೆಳತಿಯ ಬರ್ತ್‌ಡೇ. ಗಡಿಯಾರ ಆಗಲೇ ನಾಲ್ಕಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಅಜ್ಜಿ ಎದ್ದು ಹೋದದ್ದೇ ತಡ, ಪಟಾಕಿ ಬಾಗಿಲತ್ತ ನೋಡದೆ ಡಬ್ಬ ತೆರೆದು ಸರಸರ ಹೆಕ್ಕಿದಳು. ಕೊನೆಯ ಚೂರಿಗೆ ಕೈ ಹಾಕಿದ್ದಳು.

"ಏನದು?"

ದೊಡ್ಡ ಸಿಸ್ಟರ್! ಕೈಯಲ್ಲಿ ಹಿಟ್ಟಿನ ಪಾತ್ರೆ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಪಟಾಕಿಯ ಕೈ ಡಬ್ಬದಲ್ಲೇ ಉಳಿಯಿತು.

"ಟಿಫಿನ್ ಬಾಕ್ಸ್ ತೋರಿಸು."

ಬಾಕ್ಸಿನ ತುಂಬಾ ರೊಟ್ಟಿ. ಸಿಸ್ಟರ್ ಮುಖ ಸಣ್ಣದಾಯಿತು. "ಕೇಳಿದ್ರೆ ಕೊಡ್ತಿರ್ಲಿಲ್ವಾ ಮರಿ? ಪೂಜೆಗೆ ಇಟ್ಟಿದ್ದನ್ನ ಕದಿಯೋದಾ? ಅದೂ ನಿಮ್ಮ ಅಜ್ಜಿ ಆರಿಸಿದ್ದನ್ನ?"

ಕದಿಯೋದು! ಪಟಾಕಿಯ ಕಿವಿ ಬಿಸಿಯಾಯಿತು. ಇಷ್ಟು ವಾರ ತಡೆದಿಟ್ಟ ಮಾತು ಒಂದೇ ಸಲ ಸಿಡಿಯಿತು.

"ನಾನು ಕದ್ದಿಲ್ಲ! ನೋಡಿ, ಎಲ್ಲಾ ಮುರಿದಿದ್ದೇ! ಅಜ್ಜಿಗೆ ಕಣ್ಣೇ ಕಾಣಲ್ಲ! ಅವಳು ಮಾಡೋದೆಲ್ಲಾ ತಪ್ಪೇ! ಪ್ರತಿ ವಾರ ನಾನೇ ಸರಿ ಮಾಡ್ತಿರೋದು!"

ಸಿಸ್ಟರ್ ಪಟಾಕಿಯ ಬೆನ್ನ ಹಿಂದೆ ನೋಡುತ್ತಿದ್ದರು.

ಅಜ್ಜಿ ಅಲ್ಲಿ ನಿಂತಿದ್ದಳು. ಒದ್ದೆ ಕೈಗಳಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಆಡಿದ ಮಾತನ್ನು ನುಂಗುವಂತಿದ್ದರೆ ಪಟಾಕಿ ಆ ಕ್ಷಣವೇ ನುಂಗಿಬಿಡುತ್ತಿದ್ದಳು.

"ಹೌದು ಸಿಸ್ಟರ್," ಎಂದಳು ಅಜ್ಜಿ. "ಮಗು ಹೇಳಿದ್ದು ನಿಜ. ನಾನೇ ಹೇಳಬೇಕಿತ್ತು, ಧೈರ್ಯ ಬರಲಿಲ್ಲ." ಏಪ್ರನ್ ಬಿಚ್ಚಿದಳು. ತಡವರಿಸುತ್ತಾ ಅದನ್ನು ನಾಲ್ಕು ಮಡಿಕೆ ಮಾಡಿ ಸ್ಟೂಲಿನ ಮೇಲಿಟ್ಟಳು. ದೊಡ್ಡ ಸಿಸ್ಟರ್ ಅವಳ ಎರಡೂ ಕೈ ಹಿಡಿದುಕೊಂಡರು. "ಅಮ್ಮ, ನೀವು ಬರ್ತಾ ಇರಿ" ಎಂದರು. "ಕೆಲಸಕ್ಕೆ ಬನ್ನಿ" ಎನ್ನಲಿಲ್ಲ.

ಪಟಾಕಿ ಬರ್ತ್‌ಡೇಗೆ ಹೋಗಲಿಲ್ಲ. ಅಜ್ಜಿಯ ಕೈ ಹಿಡಿದು ನಡೆದಳು. ಗುಬ್ಬಚ್ಚಿಗಳಿದ್ದ ಮೂಲೆ ಬಂತು, ಹೋಯಿತು.

"ಗುಬ್ಬಚ್ಚಿಗಳಿಗೆ ಹಾಕಲ್ವಾ?" ಅಜ್ಜಿ ಕೇಳಿದಳು.

ಪಟಾಕಿ ನಿಂತೇಬಿಟ್ಟಳು. "ನಿನಗೆ ಗೊತ್ತಿತ್ತಾ?"

"ಕಣ್ಣು ಹೋದ್ರೆ ಕಿವಿನೂ ಹೋಗುತ್ತೇನೇ? ನಾನು ಒಂದು ಸಲ ಡಬ್ಬ ಮುಚ್ಚಿ ಹೋಗ್ತಿದ್ದೆ. ನಲ್ಲಿ ಹತ್ರ ನಿಂತಾಗ ಇನ್ನೊಂದು ಸಲ ಟಣ್ ಅನ್ನೋದು. ಆಮೇಲೆ ಈ ಮೂಲೇಲಿ ಗುಬ್ಬಚ್ಚಿಗಳ ಗಲಾಟೆ."

"ಮತ್ತೆ ಯಾಕೆ ಸುಮ್ಮನಿದ್ದೆ?"

"ಆಸೆ ಕಣೇ. ಇನ್ನೊಂದು ಶನಿವಾರ ಸಿಗಲಿ, ಇನ್ನೊಂದು ಸಿಗಲಿ ಅಂತ. ನಿನ್ನ ಕೈಲಿ ಮುಚ್ಚಿಡಿಸಿದೆ ನೋಡು. ಅದು ನನ್ನ ತಪ್ಪು."

"ಸಾರಿ ಅಜ್ಜಿ." ಪಟಾಕಿಗೆ ಅಳು ಒತ್ತರಿಸಿ ಬಂತು.

"ನಿಜ ಹೇಳಿದ್ದಕ್ಕೆ ಸಾರಿ ಬೇಡ. ಕೂಗಿದ್ದಕ್ಕೆ ಹೇಳು, ಅದನ್ನ ಇಟ್ಕೋತೀನಿ."

ಅಜ್ಜಿ ನಕ್ಕಳು. ಕಣ್ಣಲ್ಲಿ ನೀರಿತ್ತು. ಇಬ್ಬರೂ ಮೂಲೆಗೆ ವಾಪಸು ಹೋಗಿ ಚೂರುಗಳನ್ನು ಹಾಕಿ ಬಂದರು.

ಮರುದಿನ ಪೂಜೆಯಲ್ಲಿ ಇಬ್ಬರೂ ಮುಂದಿನ ಬೆಂಚಿನಲ್ಲೇ ಕುಳಿತರು. ಫಾದರ್ ದೊಡ್ಡ ರೊಟ್ಟಿಯನ್ನು ಎತ್ತಿ ಹಿಡಿದಾಗ ಪಟಾಕಿಗೆ ಹಿಂದೊಮ್ಮೆ ತಾನು ಕೇಳಿದ್ದ ಪ್ರಶ್ನೆ ನೆನಪಾಯಿತು. ಆಗ ಅವಳು ಇನ್ನೂ ಒಂದನೇ ಕ್ಲಾಸು. "ಅಜ್ಜಿ, ನೀನು ಅಷ್ಟು ಹುಡುಕಿ ಹುಡುಕಿ ಮುರಿಯದೇ ಇರೋದನ್ನ ಕೊಡ್ತೀಯ. ಫಾದರ್ ಯಾಕೆ ಅದನ್ನ ಮುರಿದುಬಿಡ್ತಾರೆ?" ಅಜ್ಜಿ ಆಗ, "ಮುರಿಯದೆ ಹಂಚೋದು ಹೇಗೇ, ಪೆದ್ದಿ?" ಎಂದಿದ್ದಳು.

ಟಪ್. ರೊಟ್ಟಿ ಮುರಿದ ಸಣ್ಣ ಸದ್ದು. ಅಜ್ಜಿಗೂ ಅದು ಕೇಳಿಸಿತು. ಅವಳ ಕೈ ತಡಕಾಡಿ ಪಟಾಕಿಯ ಕೈ ಹುಡುಕಿತು. ಗಟ್ಟಿಯಾಗಿ, ನೋವಾಗುವಷ್ಟು ಗಟ್ಟಿಯಾಗಿ ಹಿಡಿಯಿತು. ಪಟಾಕಿ ಬಿಡಿಸಿಕೊಳ್ಳಲಿಲ್ಲ.

ಮುಂದಿನ ಶನಿವಾರ ಅಜ್ಜಿ ಮತ್ತೆ ಇಸ್ತ್ರಿ ಬಟ್ಟೆ ಉಟ್ಟಳು. ಮಠದ ಕಿಟಕಿಯ ಹೊರಗಿನ ಕಲ್ಲು ಬೆಂಚಿನ ಮೇಲೆ ಕುಳಿತು, ತೊಡೆಯ ಮೇಲೆ ಮುರಿದ ರೊಟ್ಟಿಗಳ ಬಟ್ಟಲು ಇಟ್ಟುಕೊಂಡಳು. ಓಣಿಯ ಮಕ್ಕಳು ಮುತ್ತಿಕೊಂಡರು. "ಅಜ್ಜಿ, ನನಗೆ ದೊಡ್ಡ ಚೂರು!" "ಸಾಲಾಗಿ ಬನ್ರೋ, ಒಬ್ಬನೇ ಮೂರು ಸಲ ಬರಬೇಡ, ನಿನ್ನ ಧ್ವನಿ ನನಗೆ ಗೊತ್ತು!" ಮಕ್ಕಳು ಬಿದ್ದು ಬಿದ್ದು ನಕ್ಕರು.

ಒಳಗೆ, ಸ್ಟೂಲಿನ ಮೇಲೆ ಈಗ ಪಟಾಕಿ. ಅವಳ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಒಂದೊಂದನ್ನೂ ಬೆಳಕಿಗೆ ಹಿಡಿದು ಆರಿಸಿದಳು. ಮಧ್ಯೆ ಮಧ್ಯೆ ಹೊರಗಿನ ನಗು ನಿಂತುಹೋಗುತ್ತಿತ್ತು. ಆಗ ಅವಳು ಕಿಟಕಿಯತ್ತ ನೋಡುತ್ತಿದ್ದಳು. ಮಕ್ಕಳಿಲ್ಲದ ಹೊತ್ತಲ್ಲಿ ಅಜ್ಜಿಯ ಬೆರಳುಗಳು ಬಟ್ಟಲಿನಲ್ಲಿದ್ದ ಚೂರುಗಳ ಅಂಚನ್ನು ಸವರುತ್ತಾ, ಸುಮ್ಮನೆ ಆರಿಸುತ್ತಲೇ ಇದ್ದವು.

ಕೊನೆಯ ರೊಟ್ಟಿ ಡಬ್ಬಕ್ಕೆ ಬಿತ್ತು. ಪಟಾಕಿ ಎರಡೂ ಕೈಯಿಂದ ಮುಚ್ಚಳ ಒತ್ತಿದಳು.

ಟಣ್.

ಹೊರಗಿನ ಬೆರಳುಗಳು ನಿಂತವು. ಅಜ್ಜಿ ತಲೆ ಎತ್ತಿ, ಕಿವಿಗೊಟ್ಟು ಕಾದಳು.

ಪಟಾಕಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅಲುಗಾಡದೆ ಕುಳಿತಳು.

"ಒಂದೇ ಸಲಾನಾ?" ಕಿಟಕಿಯಿಂದ ಧ್ವನಿ ಬಂತು.

"ಒಂದೇ ಸಲ, ಅಜ್ಜಿ," ಎಂದಳು ಪಟಾಕಿ, ಮೆಲ್ಲಗೆ.